ಇಲ್ಲದ ದ್ವೀಪದ ಒಡೆಯ ಡಾನ್ ಬೀಚ್

ಲಾಸ್ ಏಂಜಲೀಸ್ ನಗರದಲ್ಲಿ ಮಳೆ ಅಪರೂಪ. ವರ್ಷದ ಬಹುಪಾಲು ದಿನಗಳಲ್ಲಿ ಅಲ್ಲಿಯ ಆಕಾಶ ನಿರ್ಮಲವಾಗಿರುತ್ತದೆ. ಆದರೆ 1930ರ ದಶಕದ ಕೊನೆಯಲ್ಲಿ, ಆ ನಗರದ ಹಾಲಿವುಡ್ ಭಾಗದ ಮೆಕ್ಯಾಡನ್ ಪ್ಲೇಸ್ ಎಂಬ ಅಡ್ಡರಸ್ತೆಯಲ್ಲಿದ್ದ ಒಂದು ಹೋಟೆಲಿನ ತಗಡಿನ ಮಾಡಿನ ಮೇಲೆ ಮಾತ್ರ ರಾತ್ರಿಯ ಹೊತ್ತು ಮಳೆ ಸುರಿಯುತ್ತಿತ್ತು. ಹೊರಗೆ ಮಳೆ ಹಿಡಿದಿದೆ ಎಂದುಕೊಂಡ ಗಿರಾಕಿಗಳು ಏಳುವ ಮನಸ್ಸು ಬದಲಿಸಿ ಇನ್ನೊಂದು ಗ್ಲಾಸ್ ತರಿಸಿಕೊಳ್ಳುತ್ತಿದ್ದರು. ಮಾಡಿನ ಮೇಲೆ ಕೊಳವೆಯಿಂದ ನೀರು ಹಾಯಿಸುವ ಉಪಾಯ ಮಾಡಿದವನು ಹೋಟೆಲಿನ ಮಾಲೀಕನೇ. ಆತನ ಹೆಸರು ಡಾನ್ ಬೀಚ್. ಮಳೆಯಂತೆ ಆ ಹೆಸರೂ ಆತನೇ ಸೃಷ್ಟಿಸಿಕೊಂಡದ್ದು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕವನ್ನು ಮೂರು ದಶಕಗಳ ಕಾಲ ಆವರಿಸಿದ್ದ ಟಿಕಿ ಸಂಸ್ಕೃತಿಯ ಮೂಲಪುರುಷನೆಂದು ಡಾನ್ ಬೀಚ್‌ನನ್ನು ಗುರುತಿಸಲಾಗುತ್ತದೆ. ಟಿಕಿ ಎಂಬುದು ಪಾಲಿನೇಷ್ಯಾದ ಪದ. ನ್ಯೂಜಿಲೆಂಡಿನ ಮಾವೊರಿ ಜನರ ಪುರಾಣದಲ್ಲಿ ಅದು ಆದಿಮಾನವನ ಹೆಸರು. ಶಾಂತಸಾಗರದ ಹಲವು ದ್ವೀಪಗಳಲ್ಲಿ ಮರ ಅಥವಾ ಕಲ್ಲಿನಲ್ಲಿ ಕಡೆದ ಪೂರ್ವಜರ ಮತ್ತು ದೇವರ ಮೂರ್ತಿಗಳಿಗೂ ಅದೇ ಹೆಸರು. ಅಮೆರಿಕದ ನಗರಗಳಿಗೆ ಬಂದಾಗ ಆ ಪದದ ಅರ್ಥವೇ ಬದಲಾಯಿತು. ಬಿದಿರಿನ ಗೋಡೆ, ತಾಳೆಗರಿಯ ಚಾವಣಿ, ಮಂದ ದೀಪ, ಹವಾಯಿ ಗಿಟಾರಿನ ನಾದ, ಹಣ್ಣಿನ ರಸದಲ್ಲಿ ಬೆರೆಸಿದ ರಮ್, ಕೊರಳಿಗೆ ಹೂವಿನ ಹಾರ... ಇವೆಲ್ಲ ಸೇರಿ ಟಿಕಿ ಎನಿಸಿಕೊಂಡವು. ಹಳೆಯ ಹಾಲಿವುಡ್ ಚಿತ್ರಗಳನ್ನು ನೆನೆದು ನಿಟ್ಟುಸಿರು ಬಿಡುವವರಿಗೆ ಇಂದಿಗೂ ಅದು ಒಂದು ಕಳೆದುಹೋದ ಸ್ವರ್ಗ.

ಆ ಸ್ವರ್ಗ ಭೂಪಟದಲ್ಲಿ ಎಂದೂ ಇರಲಿಲ್ಲ. ಅದನ್ನು ಕಟ್ಟಿದವನು ಅದಕ್ಕೆ ಬೇಕಾದ ಪ್ರತಿಯೊಂದನ್ನೂ ಬೇರೆಯವರಿಂದ ಎರವಲು ಪಡೆದ. ಮುಂದೆ ಆತನಿಂದಲೂ ಎಲ್ಲರೂ ಎರವಲು ಪಡೆದರು. ಕೊನೆಗೆ ಆತನ ಹೆಸರೂ ಆತನ ಬಳಿ ಉಳಿಯಲಿಲ್ಲ.

ಅಲೆಮಾರಿಯ ಆರಂಭ

ಡಾನ್ ಬೀಚ್‌ನ ಹುಟ್ಟುಹೆಸರು ಅರ್ನೆಸ್ಟ್ ರೇಮಂಡ್ ಬ್ಯೂಮಾಂಟ್ ಗ್ಯಾಂಟ್. ಜನನ 1907ರ ಫೆಬ್ರವರಿ 22ರಂದು. ಹುಟ್ಟೂರಿನ ವಿಷಯದಲ್ಲಿಯೇ ಆತನ ಕಥೆ ಕವಲೊಡೆಯುತ್ತದೆ. ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ಎಂದು ಹಲವು ಬರಹಗಳು ಹೇಳುತ್ತವೆ. ಜಮೈಕಾ ಎಂದು ಬರೆದವರೂ ಇದ್ದಾರೆ. ಆದರೆ 1910ರ ಜನಗಣತಿಯ ದಾಖಲೆಯಲ್ಲಿ ಗ್ಯಾಂಟ್ ಕುಟುಂಬವು ಸಮುದ್ರದಿಂದ ಬಹುದೂರವಿರುವ ಟೆಕ್ಸಾಸ್‌ನ ಒಳನಾಡಿನಲ್ಲಿ ಕಾಣಿಸಿಕೊಳ್ಳುತ್ತದೆ. ತನ್ನ ಬದುಕಿನ ಕಥೆಯನ್ನು ಪ್ರತಿಬಾರಿಯೂ ಒಂದಿಷ್ಟು ಬಣ್ಣ ಸೇರಿಸಿ ಹೇಳುವ ಅಭ್ಯಾಸ ಆತನಿಗಿತ್ತು.

ಇಪ್ಪತ್ತರ ಆಸುಪಾಸಿನಲ್ಲಿ ಮನೆ ತೊರೆದ ಗ್ಯಾಂಟ್ ಕೆರಿಬಿಯನ್ ದ್ವೀಪಗಳಲ್ಲಿ ಮತ್ತು ದಕ್ಷಿಣ ಶಾಂತಸಾಗರದಲ್ಲಿ ಸುತ್ತಾಡಿದ. ರಮ್ ಎಂಬ ಪಾನೀಯದ ಪರಿಚಯ, ದ್ವೀಪಗಳ ಮೀನುಬಲೆ, ಕೆತ್ತನೆ, ಚಿಪ್ಪುಗಳನ್ನು ಸಂಗ್ರಹಿಸುವ ಗೀಳು, ಎರಡೂ ಅಂಟಿಕೊಂಡದ್ದು ಈ ಅಲೆದಾಟದಲ್ಲಿ. 1930ರ ದಶಕದ ಮೊದಲ ವರ್ಷಗಳಲ್ಲಿ ಆತ ಹಾಲಿವುಡ್ ತಲುಪಿದಾಗ ಅಮೆರಿಕ ಆರ್ಥಿಕ ಮಹಾಕುಸಿತದಲ್ಲಿ ನಲುಗುತ್ತಿತ್ತು. ಸಿಕ್ಕಿದ ಚಿಲ್ಲರೆ ಕೆಲಸಗಳನ್ನು ಮಾಡಿಕೊಂಡು ದಿನ ದೂಡುತ್ತಿದ್ದ ಯುವಕನಿಗೆ ಆ ನಗರದಲ್ಲಿ ಒಂದು ವಿಷಯ ಬೇಗನೆ ಅರ್ಥವಾಯಿತು. ಆ ಕಾಲದ ಚಿತ್ರೋದ್ಯಮಕ್ಕೆ ದಕ್ಷಿಣ ಸಮುದ್ರದ ಮೋಹ ಹಿಡಿದಿತ್ತು.

ಬಣ್ಣದ ಹಲಗೆಯ ಕಡಲತಡಿ

ಮಾತಿನ ಚಿತ್ರಗಳು ಆಗಷ್ಟೇ ನೆಲೆಯೂರುತ್ತಿದ್ದ ಕಾಲವದು. 1931ರಲ್ಲಿ ಜರ್ಮನ್ ನಿರ್ದೇಶಕ ಎಫ್.ಡಬ್ಲ್ಯು. ಮುರ್ನೌ ಶಾಂತಸಾಗರದ ದ್ವೀಪಗಳಿಗೇ ಹೋಗಿ ಚಿತ್ರೀಕರಿಸಿದ ಟಬು ತೆರೆಕಂಡಿತು. ಮರುವರ್ಷ ಕಿಂಗ್ ವಿಡಾರ್ ನಿರ್ದೇಶನದ ಬರ್ಡ್ ಆಫ್ ಪ್ಯಾರಡೈಸ್ ಬಂತು. 1935ರಲ್ಲಿ ಕ್ಲಾರ್ಕ್ ಗೇಬಲ್ ನಟಿಸಿದ ಮ್ಯುಟಿನಿ ಆನ್ ದಿ ಬೌಂಟಿ ಶ್ರೇಷ್ಠ ಚಿತ್ರ ಎಂಬ ಆಸ್ಕರ್ ಗೌರವ ಪಡೆಯಿತು. ಅದರ ಟಹೀಟಿಯ ಬಹುಭಾಗ ಕ್ಯಾಲಿಫೋರ್ನಿಯಾದ ತೀರಕ್ಕೆ ಸಮೀಪದ ಕ್ಯಾಟಲಿನಾ ದ್ವೀಪದಲ್ಲಿ ತಯಾರಾಗಿತ್ತು. 1937ರಲ್ಲಿ ಜಾನ್ ಫೋರ್ಡ್ ನಿರ್ದೇಶಿಸಿದ ದಿ ಹರಿಕೇನ್ ಚಿತ್ರಕ್ಕಾಗಿ ಸ್ಟುಡಿಯೋದ ಅಂಗಳದಲ್ಲಿಯೇ ಒಂದು ಹಳ್ಳಿ ಕಟ್ಟಿ, ಕೃತಕ ಬಿರುಗಾಳಿಯಿಂದ ಅದನ್ನು ಕೆಡವಲಾಯಿತು. ಅದೇ ವರ್ಷ ಬಿಂಗ್ ಕ್ರಾಸ್ಬಿಯ ವೈಕಿಕಿ ವೆಡ್ಡಿಂಗ್ ಚಿತ್ರದ ಗೀತೆಗೆ ಆಸ್ಕರ್ ದೊರೆಯಿತು.

ಇಂತಹ ಚಿತ್ರಗಳಿಗೆ ದ್ವೀಪದ ವಸ್ತುಗಳು ಬೇಕಾಗುತ್ತಿದ್ದವು. ಗ್ಯಾಂಟ್ ಬಳಿ ಅವು ರಾಶಿಯಾಗಿ ಬಿದ್ದಿದ್ದವು. ತನ್ನ ಸಂಗ್ರಹವನ್ನು ಬಾಡಿಗೆಗೆ ಕೊಡುತ್ತ, ದ್ವೀಪಗಳ ಬದುಕಿನ ಬಗ್ಗೆ ಸಲಹೆ ನೀಡುತ್ತ ಆತ ಸ್ಟುಡಿಯೋಗಳೊಳಗೆ ಓಡಾಡತೊಡಗಿದ. ಬಣ್ಣ ಬಳಿದ ಹಲಗೆ ಮತ್ತು ನಾಲ್ಕು ತಾಳೆಮರಗಳಿಂದ ಪ್ರೇಕ್ಷಕನ ಕಣ್ಣಿಗೆ ದ್ವೀಪವೊಂದು ನಿಜವಾಗಿ ಕಾಣುವ ಬಗೆಯನ್ನು ಅಲ್ಲಿ ಕಂಡ. ತೆರೆಯ ಮೇಲೆ ನೋಡಿ ಮನೆಗೆ ಹೋಗುವ ಜನರನ್ನು ಆ ಹಲಗೆಗಳ ನಡುವೆಯೇ ಕೂರಿಸಿದರೆ ಹೇಗೆ? ಆತನ ಮುಂದಿನ ಬದುಕೆಲ್ಲ ಈ ಒಂದು ಯೋಚನೆಯ ವಿಸ್ತಾರ.

ಈ ಚಿತ್ರಪರಂಪರೆಯಲ್ಲಿ ಕನ್ನಡ ನಾಡಿನ ಒಂದು ಎಳೆಯೂ ಇದೆ. ಮೈಸೂರು ಸಂಸ್ಥಾನದಲ್ಲಿ 1924ರಲ್ಲಿ ಹುಟ್ಟಿ, 1937ರ ಎಲಿಫೆಂಟ್ ಬಾಯ್ ಮೂಲಕ ಜಗತ್ತಿಗೆ ಪರಿಚಿತನಾದ ಮಾವುತನ ಮಗ ಸಾಬು, ಹಾಲಿವುಡ್‌ಗೆ ಹೋದ ಬಳಿಕ ಇಂತಹ ದ್ವೀಪಚಿತ್ರಗಳಲ್ಲಿಯೂ ನಟಿಸಿದ. 1943ರ ವೈಟ್ ಸ್ಯಾವೇಜ್ ಮತ್ತು 1944ರ ಕೋಬ್ರಾ ವುಮನ್ ಚಿತ್ರಗಳ ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ಮರಿಯಾ ಮಾಂಟೆಝ್ ಮತ್ತು ಜಾನ್ ಹಾಲ್ ಜೊತೆಗೆ ಆತ ಕಾಣಿಸಿಕೊಂಡ. ಕಾಡಿನ ಅಂಚಿನ ಆನೆಲಾಯದ ಹುಡುಗ ಪಾಲಿನೇಷ್ಯಾದವನಂತೆ ನಟಿಸಿದರೂ ಅಲ್ಲಿಯ ಪ್ರೇಕ್ಷಕರಿಗೆ ವ್ಯತ್ಯಾಸ ತಿಳಿಯಲಿಲ್ಲ. ದೂರದ ಊರುಗಳೆಲ್ಲ ಒಂದೇ ಎಂದು ಭಾವಿಸಿದ್ದ ಕಾಲವದು. ಟಿಕಿ ಹುಟ್ಟಿದ್ದು ಇದೇ ಮಣ್ಣಿನಲ್ಲಿ.

ದರ್ಜಿಯ ಅಂಗಡಿಯಿಂದ ಸ್ವರ್ಗಕ್ಕೆ

ಅಮೆರಿಕದಲ್ಲಿ 1920ರಿಂದ ಜಾರಿಯಲ್ಲಿದ್ದ ಪಾನನಿಷೇಧ 1933ರ ಡಿಸೆಂಬರ್ 5ರಂದು ರದ್ದಾಯಿತು. ಇದರ ಬೆನ್ನಿಗೇ ಗ್ಯಾಂಟ್ ಮೆಕ್ಯಾಡನ್ ಪ್ಲೇಸ್‌ನಲ್ಲಿ ದರ್ಜಿಯೊಬ್ಬನು ಬಿಟ್ಟುಹೋಗಿದ್ದ ಸಣ್ಣ ಅಂಗಡಿಯನ್ನು ಬಾಡಿಗೆಗೆ ಹಿಡಿದ. ತನ್ನ ಬಲೆ, ಬಿದಿರು, ಗಾಜಿನ ತೇಲುಗುಂಡುಗಳಿಂದ ಅದನ್ನು ಅಲಂಕರಿಸಿ ಡಾನ್ಸ್ ಬೀಚ್‌ಕೋಂಬರ್ ಕೆಫೆ ಎಂದು ಹೆಸರಿಟ್ಟ. ಕಡಲತಡಿಯಲ್ಲಿ ಅಲೆಗಳು ತಂದೆಸೆದ ವಸ್ತುಗಳನ್ನು ಆಯ್ದು ಬದುಕುವ ಅಲೆಮಾರಿ ಎಂಬುದು ಬೀಚ್‌ಕೋಂಬರ್ ಪದದ ಅರ್ಥ.

ಪಾನೀಯಕ್ಕೆ ಆತ ರಮ್ ಆರಿಸಿಕೊಂಡದ್ದರ ಹಿಂದೆ ಸರಳ ವ್ಯವಹಾರಜ್ಞಾನವಿತ್ತು. ಹದಿಮೂರು ವರ್ಷಗಳ ನಿಷೇಧದಿಂದಾಗಿ ಅಮೆರಿಕದಲ್ಲಿ ಹಳೆಯ ವಿಸ್ಕಿ ದಾಸ್ತಾನು ಬರಿದಾಗಿತ್ತು. ಕೆರಿಬಿಯನ್ ದ್ವೀಪಗಳಲ್ಲಿ ರಮ್ ಹೇರಳವಾಗಿಯೂ ಅಗ್ಗವಾಗಿಯೂ ದೊರೆಯುತ್ತಿತ್ತು. ಯಾರೂ ಕೇಳದ ರಮ್ ಅನ್ನು ಕೇಳುವಂತೆ ಮಾಡುವುದೇ ಆತನ ಕೌಶಲ. ಒಂದೇ ಗ್ಲಾಸಿನಲ್ಲಿ ಎರಡು, ಮೂರು ಬಗೆಯ ರಮ್ ಬೆರೆಸಿ, ನಿಂಬೆರಸ, ಚಕ್ಕೆ ಹಾಕಿ ಕಾಯಿಸಿದ ಸಕ್ಕರೆ ಪಾಕ, ಲವಂಗ, ಶುಂಠಿ ಮುಂತಾದ ಸಂಬಾರಗಳ ಸೊಗಡು ಸೇರಿಸಿದ. ಒಂದೊಂದಕ್ಕೂ ವಿಲಕ್ಷಣ ಹೆಸರುಗಳು. 1934ರಲ್ಲಿ ಆತ ರೂಪಿಸಿದ ಝೋಂಬಿ ಎಂಬ ಪಾನೀಯ ಎಷ್ಟು ತೀಕ್ಷ್ಣವಾಗಿತ್ತೆಂದರೆ ಒಬ್ಬ ಗಿರಾಕಿಗೆ ಎರಡಕ್ಕಿಂತ ಹೆಚ್ಚು ಕೊಡುವುದಿಲ್ಲವೆಂಬ ನಿಯಮವನ್ನು ಆತನೇ ಮಾಡಬೇಕಾಯಿತು. ಆ ನಿಯಮವೇ ದೊಡ್ಡ ಜಾಹೀರಾತಾಯಿತು.

ಚಾರ್ಲಿ ಚಾಪ್ಲಿನ್, ಮಾರ್ಲಿನ್ ಡೀಟ್ರಿಚ್ ಅವರಂತಹ ತಾರೆಯರು ಬರತೊಡಗಿದ ಮೇಲೆ ಜಾಗ ಸಾಲದಾಯಿತು. 1937ರಲ್ಲಿ ಅದೇ ರಸ್ತೆಯ ಎದುರು ಬದಿಯ ವಿಶಾಲ ಕಟ್ಟಡಕ್ಕೆ ಡಾನ್ ದಿ ಬೀಚ್‌ಕೋಂಬರ್ ಎಂಬ ಹೆಸರಿನಲ್ಲಿ ಹೋಟೆಲ್ ಸ್ಥಳಾಂತರಗೊಂಡಿತು. ಮಳೆಯ ಮಾಡು ಇದ್ದದ್ದು ಇಲ್ಲಿಯೇ. ನೆಚ್ಚಿನ ಗಿರಾಕಿಗಳಿಗೆ ಅವರವರ ಹೆಸರಿನ ಊಟದ ಕಡ್ಡಿಗಳನ್ನು ಪ್ರತ್ಯೇಕವಾಗಿ ಕಾದಿರಿಸಲಾಗುತ್ತಿತ್ತು. ಊರೆಲ್ಲ ಡಾನ್ ಎಂದೇ ಕರೆಯುತ್ತಿದ್ದುದರಿಂದ ಗ್ಯಾಂಟ್ ತನ್ನ ಹೆಸರನ್ನು ಕಾನೂನುಬದ್ಧವಾಗಿ ಡಾನ್ ಬೀಚ್ ಎಂದು ಬದಲಿಸಿಕೊಂಡ. ಹೋಟೆಲಿನ ಫಲಕದ ಹೆಸರೇ ಮಾಲೀಕನ ಹೆಸರಾಯಿತು.

ಗುಟ್ಟಿನ ಸೀಸೆಗಳು, ಹಿಂದಿನ ಕೈಗಳು

ಆ ಹೋಟೆಲಿನಲ್ಲಿ ದಕ್ಷಿಣ ಸಮುದ್ರಕ್ಕೆ ಸೇರಿದ್ದು ಗೋಡೆಯ ಅಲಂಕಾರ ಮಾತ್ರ. ರಮ್ ಬಂದದ್ದು ಕೆರಿಬಿಯನ್‌ನಿಂದ. ಅಡುಗೆ ಬಹುಮಟ್ಟಿಗೆ ಚೀನಾದ ಕ್ಯಾಂಟನ್ ಶೈಲಿಯದು, ಹೆಸರು ಮಾತ್ರ ದ್ವೀಪಗಳದ್ದು. ಮಾಲೀಕ ಟೆಕ್ಸಾಸ್ ನೆಲದಲ್ಲಿ ಬೆಳೆದವನು. ಪಾನೀಯಗಳನ್ನು ಬೆರೆಸುತ್ತಿದ್ದವರಲ್ಲಿ ಬಹುತೇಕರು ಫಿಲಿಪೀನ್ಸ್‌ನಿಂದ ಬಂದ ವಲಸಿಗರು.

ಈ ಫಿಲಿಪಿನೋ ಯುವಕರು ಗಿರಾಕಿಗಳ ಕಣ್ಣಿಗೆ ಹೆಚ್ಚಾಗಿ ಬೀಳುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ನಿಂತು, ಅಳತೆ ತಪ್ಪದಂತೆ, ಎಂಟು ಹತ್ತು ಪದಾರ್ಥಗಳ ಪಾನೀಯಗಳನ್ನು ರಾತ್ರಿಯಿಡೀ ತಯಾರಿಸುತ್ತಿದ್ದರು. ಝೋಂಬಿ ಹುಟ್ಟಿದ 1934ರಲ್ಲಿಯೇ ಅಮೆರಿಕದ ಸಂಸತ್ತು ಕಾಯ್ದೆಯೊಂದರ ಮೂಲಕ ಫಿಲಿಪೀನ್ಸ್‌ನಿಂದ ಬರುವ ವಲಸಿಗರ ಸಂಖ್ಯೆಯನ್ನು ವರ್ಷಕ್ಕೆ 50ಕ್ಕೆ ಮಿತಿಗೊಳಿಸಿತು. ಬಿಳಿಯರನ್ನು ಮದುವೆಯಾಗುವ ಹಕ್ಕು ಕ್ಯಾಲಿಫೋರ್ನಿಯಾದ ಫಿಲಿಪಿನೋಗಳಿಗೆ 1948ರ ನ್ಯಾಯಾಲಯದ ತೀರ್ಪಿನವರೆಗೂ ಇರಲಿಲ್ಲ. ದ್ವೀಪದ ಕನಸನ್ನು ಗ್ಲಾಸಿಗೆ ಸುರಿಯುತ್ತಿದ್ದವರು ನಿಜವಾಗಿಯೂ ದ್ವೀಪಗಳಿಂದ ಬಂದವರೇ ಆಗಿದ್ದರು. ಆದರೆ ಆ ನಗರ ಅವರನ್ನು ಬಾಗಿಲ ಹೊರಗೇ ನಿಲ್ಲಿಸಿತ್ತು.

ಡಾನ್‌ಗೆ ತನ್ನ ಪಾಕವಿಧಾನಗಳು ಸೋರಿಹೋಗುವ ಭಯ ಬಹಳವಿತ್ತು. ಆದುದರಿಂದ ಮುಖ್ಯ ಮಿಶ್ರಣಗಳನ್ನು ಮೊದಲೇ ತಯಾರಿಸಿ, ಸೀಸೆಗಳ ಮೇಲೆ ಸಂಖ್ಯೆ ಮತ್ತು ಸಂಕೇತಗಳನ್ನಷ್ಟೇ ಬರೆಸುತ್ತಿದ್ದ. ಕೆಲಸಗಾರರಿಗೆ ಯಾವ ಸೀಸೆಯಿಂದ ಎಷ್ಟು ಹಾಕಬೇಕೆಂಬುದು ತಿಳಿದಿರುತ್ತಿತ್ತು, ಸೀಸೆಯೊಳಗೆ ಏನಿದೆಯೆಂಬುದು ತಿಳಿದಿರುತ್ತಿರಲಿಲ್ಲ. ಆದರೂ ಕಳವು ನಿಲ್ಲಲಿಲ್ಲ. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಮಾಂಟಿ ಪ್ರೋಸರ್ ಎಂಬ ವ್ಯಾಪಾರಿ ಝೋಂಬಿ ತನ್ನದೆಂಬಂತೆ ಮಾರಾಟ ಮಾಡಿದ. ದೇಶದ ನಾನಾ ಕಡೆ ಅದೇ ಹೆಸರಿನಲ್ಲಿ ಬೇರೆ ಬೇರೆ ರುಚಿಯ ಪಾನೀಯಗಳು ಹುಟ್ಟಿಕೊಂಡವು.

ಎಲ್ಲಕ್ಕಿಂತ ದೊಡ್ಡ ಪೈಪೋಟಿ ಬಂದದ್ದು ಓಕ್‌ಲ್ಯಾಂಡ್ ನಗರದಿಂದ. ಅಲ್ಲಿ 1934ರಿಂದ ಸಣ್ಣ ಹೋಟೆಲ್ ನಡೆಸುತ್ತಿದ್ದ ವಿಕ್ಟರ್ ಬರ್ಜರಾನ್ ಡಾನ್‌ನ ಬಾರ್ ನೋಡಿ ಹೋದ ಮೇಲೆ ತನ್ನ ಅಂಗಡಿಯನ್ನೂ ದ್ವೀಪದ ಶೈಲಿಗೆ ಬದಲಿಸಿ ಟ್ರೇಡರ್ ವಿಕ್ಸ್ ಎಂದು ಹೆಸರಿಟ್ಟ. 1944ರಲ್ಲಿ ಮಾಯ್ ಟಾಯ್ ಎಂಬ ಪಾನೀಯವನ್ನು ತಾನೇ ಸೃಷ್ಟಿಸಿದೆನೆಂದು ಬರ್ಜರಾನ್ ಸಾರಿದ. ಅದರ ಬೇರು ತನ್ನ ಹಳೆಯ ಪಾನೀಯವೊಂದರಲ್ಲಿದೆ ಎಂಬುದು ಡಾನ್‌ನ ವಾದ. ಈ ಜಗಳ ಇಬ್ಬರ ಜೀವಮಾನದಲ್ಲಿಯೂ ಬಗೆಹರಿಯಲಿಲ್ಲ. ಬರ್ಜರಾನ್‌ನ ಹೋಟೆಲುಗಳು ಮಾತ್ರ ಸಾಗರಗಳನ್ನು ದಾಟಿ ಹಬ್ಬಿದವು.

ಸನ್ನಿ ಸಂಡ್ ಮತ್ತು ಕೈತಪ್ಪಿದ ಹೆಸರು

ಡಾನ್‌ನ ಯಶಸ್ಸಿನ ಕಥೆಯಲ್ಲಿ ಬಹುಕಾಲ ಮರೆಯಲ್ಲಿಯೇ ಉಳಿದ ಹೆಸರು ಕೋರಾ ಐರೀನ್ ಸಂಡ್ ಎಂಬಾಕೆಯದು. ಸನ್ನಿ ಎಂದೇ ಪರಿಚಿತಳಾಗಿದ್ದ ಆಕೆ ಮಿನೆಸೋಟಾ ರಾಜ್ಯದವಳು. 1937ರಲ್ಲಿ ಇಬ್ಬರೂ ಮದುವೆಯಾದರು. ಡಾನ್‌ಗೆ ಅಲಂಕಾರ, ಆತಿಥ್ಯ ಮತ್ತು ಹೊಸ ಪಾನೀಯಗಳಲ್ಲಿ ಎಷ್ಟು ಆಸಕ್ತಿಯೋ ಲೆಕ್ಕಪತ್ರದಲ್ಲಿ ಅಷ್ಟೇ ನಿರಾಸಕ್ತಿ. ವ್ಯವಹಾರದ ಹಗ್ಗ ಹಿಡಿದು ನಡೆಸಿದವಳು ಸನ್ನಿ. 1940ರಲ್ಲಿ ವಿವಾಹ ಮುರಿದುಬಿತ್ತು. ವ್ಯಾಪಾರದ ನಂಟು ಮಾತ್ರ ಮುಂದುವರಿಯಿತು. ಅದೇ ವರ್ಷ ಷಿಕಾಗೋದಲ್ಲಿ ಎರಡನೆಯ ಹೋಟೆಲ್ ತೆರೆಯಿತು.

ಎರಡನೆಯ ಮಹಾಯುದ್ಧ ಡಾನ್‌ನನ್ನು ಸಮುದ್ರದಾಚೆಗೆ ಎಳೆಯಿತು. ಆತನಿದ್ದ ಹಡಗಿನ ಮೇಲೆ ದಾಳಿ ನಡೆದು ಆತ ಗಾಯಗೊಂಡ. ಚೇತರಿಸಿಕೊಂಡ ಬಳಿಕ ವಾಯುಪಡೆಯ ಅಧಿಕಾರಿಗಳು ಆತನಿಗೆ ಒಪ್ಪಿಸಿದ ಹೊಣೆ ವಿಚಿತ್ರವಾದರೂ ಆತನಿಗೆ ತಕ್ಕುದಾಗಿತ್ತು. ಯುದ್ಧದಲ್ಲಿ ದಣಿದ ವೈಮಾನಿಕರಿಗಾಗಿ ಇಟಲಿಯ ಕಾಪ್ರಿ, ಸೊರೆಂಟೊ, ವೆನಿಸ್ ಹಾಗೂ ಫ್ರಾನ್ಸಿನ ಕರಾವಳಿಯಲ್ಲಿ ವಿಶ್ರಾಂತಿಧಾಮಗಳನ್ನು ಆತ ನಡೆಸಬೇಕಾಗಿತ್ತು. ಸಾವಿನ ಬಾಯಿಂದ ಮರಳಿದವರಿಗೆ ನಾಲ್ಕು ದಿನ ಬೇರೆ ಲೋಕದಲ್ಲಿರುವಂತೆ ಮಾಡುವ ಆ ಕೆಲಸಕ್ಕಾಗಿ ಆತನಿಗೆ ಬ್ರಾನ್ಜ್ ಸ್ಟಾರ್ ಪದಕ ದೊರೆಯಿತು.

ಯುದ್ಧ ಮುಗಿಸಿ ಬಂದಾಗ ಹೋಟೆಲುಗಳ ಸರಪಳಿ ಸನ್ನಿಯ ಕೈಯಲ್ಲಿ ಗಟ್ಟಿಯಾಗಿ ಬೇರೂರಿತ್ತು. ಮುಂದೆ ಅದು ಹದಿನಾರು ಶಾಖೆಗಳವರೆಗೆ ಬೆಳೆಯಿತು. ಡಾನ್ ದಿ ಬೀಚ್‌ಕೋಂಬರ್ ಎಂಬ ಹೆಸರಿನ ಹಕ್ಕು ಅಮೆರಿಕದ ಮುಖ್ಯ ಭೂಭಾಗದಲ್ಲಿ ಸನ್ನಿಯ ಸಂಸ್ಥೆಯದಾಗಿತ್ತು. ಆ ಹೆಸರಿಗಾಗಿಯೇ ತನ್ನ ಹುಟ್ಟುಹೆಸರನ್ನು ಬಿಟ್ಟವನಿಗೆ ಅದೇ ಹೆಸರಿನಲ್ಲಿ ಅಲ್ಲಿ ಅಂಗಡಿ ತೆರೆಯುವ ಅಧಿಕಾರ ಉಳಿದಿರಲಿಲ್ಲ. ಆಕೆ ಮೋಸ ಮಾಡಿದಳೆನ್ನಲು ಕಾರಣವಿಲ್ಲ. ಕನಸು ಆತನದು, ಅದನ್ನು ನಿಲ್ಲಿಸಿದ ದುಡಿಮೆ ಆಕೆಯದು. ಆದರೆ ಡಾನ್‌ನ ಪಾಲಿಗೆ ಅದು ಗಡೀಪಾರಿನಂತೆಯೇ ಆಯಿತು.

ಹವಾಯಿಗೆ ಪಯಣ

ಆಗ ಹವಾಯಿ ಅಮೆರಿಕದ ಆಳ್ವಿಕೆಗೊಳಪಟ್ಟ ಪ್ರದೇಶವಾಗಿತ್ತೇ ಹೊರತು ರಾಜ್ಯವಾಗಿರಲಿಲ್ಲ. ಹೆಸರಿನ ಒಪ್ಪಂದವೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. 1940ರ ದಶಕದ ಕೊನೆಯ ಭಾಗದಲ್ಲಿ ಡಾನ್ ಹೊನೊಲುಲುವಿನ ವೈಕಿಕಿ ಕಡಲತಡಿಗೆ ಹೋಗಿ ನೆಲೆಸಿದ. ಪಾಲಿನೇಷ್ಯಾದ ಪ್ರತಿಕೃತಿಯನ್ನು ಹಾಲಿವುಡ್‌ನಲ್ಲಿ ಕಟ್ಟಿದವನು ಈಗ ಹಾಲಿವುಡ್‌ನ ಆ ಪ್ರತಿಕೃತಿಯನ್ನು ಪಾಲಿನೇಷ್ಯಾಕ್ಕೇ ಹೊತ್ತು ತಂದ. ಬರುವ ಪ್ರವಾಸಿಗರೂ ಅದನ್ನೇ ಬಯಸುತ್ತಿದ್ದರು. ತೆರೆಯ ಮೇಲೆ ನೋಡಿದ ಹವಾಯಿಯನ್ನೇ ನಿಜವಾದ ಹವಾಯಿಯಲ್ಲಿಯೂ ಹುಡುಕುತ್ತಿದ್ದರು.

ಕಾಲವೂ ಅದಕ್ಕೆ ಒದಗಿಬಂತು. ಶಾಂತಸಾಗರದ ರಣರಂಗದಿಂದ ಮರಳಿದ ಲಕ್ಷಾಂತರ ಸೈನಿಕರು ಆ ದ್ವೀಪಗಳ ನೆನಪನ್ನು ಹೊತ್ತು ತಂದಿದ್ದರು. ಕೆಸರು, ಮಲೇರಿಯಾ, ಸಾವುಗಳನ್ನು ಮರೆತು ಕಡಲು, ತಾಳೆಮರಗಳನ್ನಷ್ಟೇ ಉಳಿಸಿಕೊಳ್ಳಲು ಬಯಸಿದ್ದರು. ಜೇಮ್ಸ್ ಮಿಚನರ್ 1947ರಲ್ಲಿ ಪ್ರಕಟಿಸಿದ ಕಥೆಗಳು 1949ರಲ್ಲಿ ಸೌತ್ ಪೆಸಿಫಿಕ್ ಎಂಬ ಸಂಗೀತ ನಾಟಕವಾಗಿ, 1958ರಲ್ಲಿ ಚಲನಚಿತ್ರವಾಗಿ ಬಂದವು. ಚಿತ್ರದ ಕಾಲ್ಪನಿಕ ದ್ವೀಪವನ್ನು ಹವಾಯಿಯ ಕವಾಯ್‌ನಲ್ಲಿ ಚಿತ್ರಿಸಲಾಯಿತು. 1947ರಲ್ಲಿ ಥಾರ್ ಹೈಯರ್ಡಾಲ್ ಕಾನ್-ಟಿಕಿ ಎಂಬ ತೆಪ್ಪದಲ್ಲಿ ಪೆರುವಿನಿಂದ 101 ದಿನ ತೇಲಿ ಪಾಲಿನೇಷ್ಯಾ ತಲುಪಿದ. ಆ ಯಾತ್ರೆಯ ಸಾಕ್ಷ್ಯಚಿತ್ರ ಆಸ್ಕರ್ ಗೆದ್ದಿತು. ಟಿಕಿ ಎಂಬ ಪದ ಮನೆಮಾತಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಫೇರ್‌ಮಾಂಟ್ ವಸತಿಗೃಹದ ಈಜುಕೊಳವನ್ನು ಎಂಜಿಎಂ ಸ್ಟುಡಿಯೋದ ರಂಗಸಜ್ಜಿಕೆ ತಜ್ಞನೊಬ್ಬ 1945ರಲ್ಲಿಯೇ ದ್ವೀಪದ ಕೊಳವಾಗಿ ಮಾರ್ಪಡಿಸಿದ್ದ. ಡಿಸ್ನಿಲ್ಯಾಂಡ್‌ನಲ್ಲಿ 1963ರಲ್ಲಿ ಮಾತನಾಡುವ ಯಂತ್ರಪಕ್ಷಿಗಳ ಟಿಕಿ ಕೋಣೆ ತೆರೆಯಿತು.

ಈ ಅಲೆಯ ಸಂಗೀತಕ್ಕೂ ಡಾನ್ ನಿಮಿತ್ತನಾದ. ಪಿಯಾನೋ ವಾದಕ ಮಾರ್ಟಿನ್ ಡೆನ್ನಿಯನ್ನು 1954ರಲ್ಲಿ ಹೊನೊಲುಲುವಿಗೆ ಕರೆಸಿಕೊಂಡವನು ಆತನೇ. ಎರಡು ವಾರಕ್ಕೆಂದು ಬಂದ ಡೆನ್ನಿ ಅಲ್ಲಿಯೇ ಉಳಿದ. ಕಪ್ಪೆಯ ವಟವಟ, ಹಕ್ಕಿಗಳ ಕೂಗುಗಳನ್ನು ವಾದ್ಯಗಳೊಂದಿಗೆ ಬೆಸೆದು ಆತ ನುಡಿಸಿದ ಎಕ್ಸೋಟಿಕಾ ಎಂಬ ಧ್ವನಿಮುದ್ರಿಕೆ 1957ರಲ್ಲಿ ಹೊರಬಂದು 1959ರಲ್ಲಿ ಅಮೆರಿಕದ ಜನಪ್ರಿಯ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

1950ರ ದಶಕದ ಮಧ್ಯಭಾಗದಲ್ಲಿ ಡಾನ್ ವೈಕಿಕಿಯ ನಡುವೆ ಇಂಟರ್‌ನ್ಯಾಷನಲ್ ಮಾರ್ಕೆಟ್ ಪ್ಲೇಸ್ ಎಂಬ ಬಯಲು ಮಾರುಕಟ್ಟೆಯನ್ನು ರೂಪಿಸಿದ. ಹುಲ್ಲುಮಾಡಿನ ಅಂಗಡಿಗಳು, ಕುಶಲಕರ್ಮಿಗಳ ಗುಡಿಸಲುಗಳು, ಹಾಡು ಕುಣಿತದ ಅಂಗಳ ಅಲ್ಲಿದ್ದವು. ಅವುಗಳ ನಡುವೆ ಒಂದು ಬೃಹತ್ ಆಲದ ಮರ. ಅದರ ಕೊಂಬೆಗಳ ಮೇಲೆ ಮರದ ಮನೆ ಕಟ್ಟಿಸಿ ಡಾನ್ ಅದನ್ನು ತನ್ನ ಕಚೇರಿಯಾಗಿಸಿಕೊಂಡ. ಇಬ್ಬರಿಗೆ ಮಾತ್ರ ಊಟ ಬಡಿಸುವ ಒಂದೇ ಮೇಜಿನ ಹೋಟೆಲೂ ಅದೇ ಮರದ ಮೇಲೆ ನಡೆಯಿತು.

ಕನಸಿನ ಹೊರಗಿನ ದ್ವೀಪಗಳು

ಅಮೆರಿಕದ ಮಧ್ಯಮವರ್ಗ ಬಿದಿರಿನ ಬಾರುಗಳಲ್ಲಿ ಕುಳಿತು ದ್ವೀಪದ ಕನಸು ಕಾಣುತ್ತಿದ್ದ ಅದೇ ವರ್ಷಗಳಲ್ಲಿ ನಿಜವಾದ ದ್ವೀಪಗಳಲ್ಲಿ ಬೇರೆಯದೇ ನಡೆಯುತ್ತಿತ್ತು. 1946ರಲ್ಲಿ ಮಾರ್ಷಲ್ ದ್ವೀಪಸಮೂಹದ ಬಿಕಿನಿ ಹವಳದಿಬ್ಬದ 167 ನಿವಾಸಿಗಳನ್ನು ಅಣ್ವಸ್ತ್ರ ಪರೀಕ್ಷೆಗಾಗಿ ಒಕ್ಕಲೆಬ್ಬಿಸಲಾಯಿತು. 1958ರ ಹೊತ್ತಿಗೆ ಅಮೆರಿಕ ಆ ದ್ವೀಪಸಮೂಹದಲ್ಲಿ 67 ಪರೀಕ್ಷೆಗಳನ್ನು ನಡೆಸಿತ್ತು. 1954ರ ಮಾರ್ಚ್ 1ರ ಸ್ಫೋಟದ ವಿಕಿರಣಭರಿತ ಬೂದಿ ಜನವಸತಿಯಿದ್ದ ದ್ವೀಪಗಳ ಮೇಲೆ ಉದುರಿತು. ಹವಾಯಿಯಲ್ಲಿಯೂ 1893ರಲ್ಲಿ ರಾಣಿಯನ್ನು ಪದಚ್ಯುತಗೊಳಿಸಿ, 1898ರಲ್ಲಿ ದೇಶವನ್ನೇ ವಶಪಡಿಸಿಕೊಂಡ ಗಾಯ ಮಾಗಿರಲಿಲ್ಲ. 1959ರಲ್ಲಿ ಅದು ಅಮೆರಿಕದ ಐವತ್ತನೆಯ ರಾಜ್ಯವಾಯಿತು. ಅದೇ ವರ್ಷ ಜೆಟ್ ವಿಮಾನಗಳೂ ಬಂದವು. ಪ್ರವಾಸಿಗರ ಪ್ರವಾಹ ಆರಂಭವಾಯಿತು.

ಇದಾವುದಕ್ಕೂ ಡಾನ್ ಬೀಚ್ ನೇರ ಹೊಣೆಗಾರನಲ್ಲ. ಆತ ಮಾರಿದ್ದು ಕತ್ತಲೆಯ ಕೋಣೆಯಲ್ಲಿ ಎರಡು ತಾಸಿನ ಮರೆವನ್ನು ಮಾತ್ರ. ಆದರೆ ಮರೆಯಲೆಂದು ಹೋಗುತ್ತಿದ್ದವರು ಮರೆತ ವಿಷಯಗಳಲ್ಲಿ ಆ ದ್ವೀಪಗಳ ಜನರೂ ಸೇರಿದ್ದರು. ಪೂಜೆಗೊಳ್ಳುತ್ತಿದ್ದ ಮೂರ್ತಿಗಳು ಪಾನೀಯದ ಪಿಂಗಾಣಿ ಲೋಟಗಳಾದುದಕ್ಕೆ ಆ ಜನರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಟಿಕಿ ಎಂಬ ನೆನಪಿನಲ್ಲಿ ಸುಖಿಸುವವರು ಇಂದು ಈ ಪ್ರಶ್ನೆಯನ್ನು ಪಕ್ಕಕ್ಕಿಡುವಂತಿಲ್ಲ.

ನಿಜವಾದ ಬಿರುಗಾಳಿ

1960ರ ದಶಕದ ಕೊನೆಗೆ ಹೊಸ ತಲೆಮಾರಿಗೆ ತಂದೆತಾಯಂದಿರ ಬಿದಿರಿನ ಬಾರುಗಳು ಹಾಸ್ಯಾಸ್ಪದವಾಗಿ ಕಂಡವು. ವಿಯೆಟ್ನಾಂ ಯುದ್ಧದ ದೃಶ್ಯಗಳು ದಿನವೂ ದೂರದರ್ಶನದಲ್ಲಿ ಬರುತ್ತಿದ್ದಾಗ ತಾಳೆಮರ ಮತ್ತು ಹುಲ್ಲುಗುಡಿಸಲುಗಳ ಅರ್ಥವೇ ಬದಲಾಗಿತ್ತು. ಟಿಕಿ ಹೋಟೆಲುಗಳು ಒಂದೊಂದಾಗಿ ಮುಚ್ಚಿದವು. ಎಲ್ಲದರ ಮೂಲವಾದ ಹಾಲಿವುಡ್‌ನ ಹೋಟೆಲ್ 1985ರಲ್ಲಿ ಬಾಗಿಲು ಹಾಕಿತು. ಕಟ್ಟಡವೂ ಉಳಿಯಲಿಲ್ಲ.

ಡಾನ್ ಅಷ್ಟರಲ್ಲಿ ಇನ್ನೂ ದಕ್ಷಿಣಕ್ಕೆ ಸರಿದಿದ್ದ. ನೀರಿನ ಮೇಲೆ ತೇಲುವ ಮನೆಗಳನ್ನು ವೈಕಿಕಿಗೆ ತರಬೇಕೆಂಬ ಆಸೆಯಿಂದ ಆತ ಮರಾಮಾ ಎಂಬ ದೋಣಿಮನೆಯನ್ನು ಕಟ್ಟಿಸಿದ್ದ. ಅದಕ್ಕೆ ಅನುಮತಿ ಸಿಗಲಿಲ್ಲ. ಅದನ್ನು ಟಹೀಟಿಯ ಪಕ್ಕದ ಮೊರೇಯಾ ದ್ವೀಪಕ್ಕೆ ಸಾಗಿಸಿ ಅಲ್ಲಿ ವಾಸಿಸಿದ. 1980ರ ದಶಕದಲ್ಲಿ ಆ ದ್ವೀಪಗಳನ್ನು ಅಪ್ಪಳಿಸಿದ ಚಂಡಮಾರುತಗಳು ದೋಣಿಮನೆಯನ್ನು ನುಚ್ಚುನೂರು ಮಾಡಿದವು. ತಗಡಿನ ಮಾಡಿನ ಮೇಲೆ ಮಳೆ ತರಿಸಿದವನ ಮನೆಯನ್ನು ನಿಜವಾದ ದಕ್ಷಿಣ ಸಮುದ್ರದ ಗಾಳಿ ಒಯ್ದಿತು.

1989ರ ಜೂನ್ 7ರಂದು ಹೊನೊಲುಲುವಿನಲ್ಲಿ ಡಾನ್ ಬೀಚ್ ನಿಧನನಾದ. ಆಗ ಆತನಿಗೆ 82 ವರ್ಷ. ಅದೇ ನಗರದ ಪಂಚ್‌ಬೌಲ್ ಕುಳಿಯಲ್ಲಿರುವ ರಾಷ್ಟ್ರೀಯ ಸ್ಮಾರಕ ರುದ್ರಭೂಮಿಯಲ್ಲಿ, ಯುದ್ಧಕಾಲದ ಸೇವೆಯ ಗೌರವವಾಗಿ, ಸೈನಿಕರ ನಡುವೆ ಆತನನ್ನು ಮಣ್ಣು ಮಾಡಲಾಯಿತು.

ಉಳಿದದ್ದು ಏನು?

ಆತ ಸತ್ತು ಕೆಲವೇ ವರ್ಷಗಳಲ್ಲಿ ಗಾಳಿ ಮತ್ತೆ ತಿರುಗಿತು. ಹಳೆಯ ಚಿತ್ರಗಳು, ಹಳೆಯ ಧ್ವನಿಮುದ್ರಿಕೆಗಳು, ಹಳೆಯ ಲೋಟಗಳನ್ನು ಹುಡುಕುವ ಉತ್ಸಾಹಿಗಳ ಗುಂಪು 1990ರ ದಶಕದಲ್ಲಿ ಬೆಳೆಯಿತು. ಸ್ವೆನ್ ಕಿರ್ಸ್ಟನ್ 2000ರಲ್ಲಿ ಪ್ರಕಟಿಸಿದ ದಿ ಬುಕ್ ಆಫ್ ಟಿಕಿ ಈ ಮರೆತ ಯುಗದ ಚರಿತ್ರೆಯನ್ನು ಒಟ್ಟುಗೂಡಿಸಿತು. ಚಿತ್ರಕಥಾ ರಚನೆಯ ಹಿನ್ನೆಲೆಯ ಜೆಫ್ ಬೆರಿ ಎಂಬ ಲೇಖಕ ಡಾನ್‌ನ ಸಂಕೇತಗಳನ್ನು ಬಿಡಿಸಲು ವರ್ಷಗಟ್ಟಲೆ ಶ್ರಮಿಸಿದ. ಮೂಲ ಝೋಂಬಿಯ ಸೂತ್ರ ಸಿಕ್ಕಿದ್ದು ಡಾನ್‌ನ ಕಾಗದಗಳಲ್ಲಲ್ಲ, ಆತನ ಬಳಿ ದುಡಿದ ಡಿಕ್ ಸ್ಯಾಂಟಿಯಾಗೊ ಎಂಬ ನೌಕರನ 1937ರ ಟಿಪ್ಪಣಿ ಪುಸ್ತಕದಲ್ಲಿ. ಅದರಲ್ಲಿದ್ದ ಡಾನ್ಸ್ ಮಿಕ್ಸ್ ಎಂಬ ಒಗಟನ್ನೂ ಬಿಡಿಸಿದಾಗ ದೊರೆತ ಉತ್ತರ ಬಲು ಸರಳವಾಗಿತ್ತು. ಎರಡು ಪಾಲು ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ರಸಕ್ಕೆ ಒಂದು ಪಾಲು ಚಕ್ಕೆಯ ಪಾಕ! 2007ರಲ್ಲಿ ಬೆರಿ ಅದನ್ನು ಪುಸ್ತಕದಲ್ಲಿ ಪ್ರಕಟಿಸಿದ. ಏಳು ದಶಕಗಳ ಗುಟ್ಟು ರಟ್ಟಾಯಿತು.

ಮಾಲೀಕ ಯಾರಿಂದ ಗುಟ್ಟನ್ನು ಮುಚ್ಚಿಟ್ಟನೋ ಆ ಕೆಲಸಗಾರರೇ ಅದನ್ನು ಕಾಪಾಡಿ ಉಳಿಸಿದ್ದರು. ಡಾನ್ ಬಳಿ ಆರಂಭದ ವರ್ಷಗಳಲ್ಲಿ ದುಡಿದ ಫಿಲಿಪಿನೋ ವಲಸಿಗ ರೇ ಬುಹೆನ್ 1961ರಲ್ಲಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿ ಟಿಕಿ-ಟಿ ಎಂಬ ಪುಟ್ಟ ಬಾರ್ ತೆರೆದ. ಆತನ ಮಗ, ಮೊಮ್ಮಗ ಅದನ್ನು ನಡೆಸಿಕೊಂಡು ಬಂದರು. ಫ್ಲಾರಿಡಾದಲ್ಲಿ 1956ರಲ್ಲಿ ಆರಂಭವಾದ ಮಾಯ್-ಕಾಯ್ ಹೋಟೆಲಿನ ಪಾನೀಯಗಳನ್ನು ರೂಪಿಸಿದ ಮರಿಯಾನೊ ಲಿಕುಡಿನ್ ಕೂಡ ಡಾನ್ ದಿ ಬೀಚ್‌ಕೋಂಬರ್‌ನ ಷಿಕಾಗೋ ಶಾಖೆಯಲ್ಲಿ ಪಳಗಿದ ಫಿಲಿಪಿನೋ. ಹಿಂದಿನ ಕೋಣೆಯ ಈ ಹೆಸರುಗಳು ಈಗ ಟಿಕಿಯ ಚರಿತ್ರೆಯಲ್ಲಿ ಮುಂದಿನ ಸಾಲಿಗೆ ಬಂದಿವೆ.

ವೈಕಿಕಿಯ ಇಂಟರ್‌ನ್ಯಾಷನಲ್ ಮಾರ್ಕೆಟ್ ಪ್ಲೇಸ್ 2013ರ ಕೊನೆಗೆ ಮುಚ್ಚಿತು. ಹುಲ್ಲುಮಾಡಿನ ಅಂಗಡಿಗಳನ್ನು ನೆಲಸಮ ಮಾಡಿ, ಅದೇ ಹೆಸರಿನ ಹೊಸ ವಾಣಿಜ್ಯ ಸಂಕೀರ್ಣವನ್ನು 2016ರಲ್ಲಿ ತೆರೆಯಲಾಯಿತು. ಆಲದ ಮರವನ್ನು ಮಾತ್ರ ಕಡಿಯಲಿಲ್ಲ. ಅದರ ಸುತ್ತಲೇ ಹೊಸ ಕಟ್ಟಡ ಎದ್ದಿತು. ಆಲವು ಹವಾಯಿಯ ಮೂಲವೃಕ್ಷವಲ್ಲ, ಹೊರಗಿನಿಂದ ಯಾರೋ ತಂದು ನೆಟ್ಟದ್ದು. ಆದರೂ ಬಿಳಲುಗಳನ್ನು ಇಳಿಬಿಟ್ಟು ಅದು ಆ ನೆಲಕ್ಕೆ ಸೇರಿಹೋಗಿದೆ. ಅಂಗಡಿಗಳಿಗೆ ಬಂದವರು ಅದರ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ.